ಆರು ಮೀಟರ್ ಪಿಸುಮಾತು

ಅರ್ಜಿದಾರ ಕಲ್ಮರುಡಪ್ಪ ಎಂಬ ಹೆಸರಿನ ಪಕ್ಕ
ಕಂಸ ಹಾಕಿ 'ಮೃತ' ಅಂತ ಸೇರಿಸಿ
ಕೆಳಗಿನ ಸಾಲಿನಲ್ಲಿ ನನ್ನನ್ನು ಬರೆದರು:
ದಾಕ್ಷಾಯಣಮ್ಮ, ವಾರಸುದಾರಳು, ಅರಸೀಕೆರೆ.
ಹೀಗೆ ಅವರ ಕಿವಿ ನನ್ನ ಪಾಲಿಗೆ ಬಂತು.

ಬಲಗಿವಿ ಪೂರಾ ಹೋಗಿತ್ತು,
ಹದಿನೇಳು ವರ್ಷ ತೋಪಿನ ಎಡಕ್ಕೆ ನಿಂತ ಆಳು.
ಎಡಗಿವಿ ಮನಸ್ಸು ಬಂದಾಗ ಕೆಲಸ ಮಾಡುತ್ತಿತ್ತು.
ಜಂಕ್ಷನ್ನಿಗೆ ಬೆನ್ನು ಕೊಟ್ಟ ಮನೆ ನಮ್ಮದು;
ಗೂಡ್ಸ್ ಹೋದರೆ ಲೋಟದಲ್ಲಿ ನೀರು ನಡುಗುತ್ತದೆ.
ನೀರು ನೋಡಿ ಹೇಳುತ್ತಿದ್ದರು, "ಗಾಡಿ ಬಂತು."

ಅಲಹಾಬಾದಿನಿಂದ ಬಂದ ಮೊದಲ ಕಾಗದವನ್ನು
ಹಾಸನದ ಸೈನಿಕ ಕಲ್ಯಾಣ ಆಫೀಸಿನಲ್ಲಿ
ಸುಬೇದಾರ್ ಜವರಯ್ಯ ಓದಿ ಕನ್ನಡ ಮಾಡಿದರು:
"ಸೇವೆಯಿಂದ ಬಂದದ್ದಲ್ಲ, ಸೇವೆಯಿಂದ ಹೆಚ್ಚಿದ್ದೂ ಅಲ್ಲ."
"ಹಂಗಾದ್ರೆ ಎಲ್ಲಿಂದ ಬಂತಂತೆ?"
"ಅದನ್ನ ಬರೆದಿಲ್ಲ ಕಣಮ್ಮ."

ಮೊದಲ ಮೇಲ್ಮನವಿಗೆ ಅದೇ ವಾಕ್ಯ, ಬೇರೆ ಸಹಿ.
ಎರಡನೆಯದಕ್ಕೆ ಅದೇ ವಾಕ್ಯ, ಇನ್ನೂ ದೊಡ್ಡವರ ಸಹಿ.
ಕೇಳು ಅನ್ನೋದು ನಮ್ಮಲ್ಲಿ ಎರಡು ಕೆಲಸದ ಮಾತು.
ಯಜಮಾನರು ಕೇಳುತ್ತಲೇ ಇದ್ದರು, ಕೇಳಿಸದ ಮನುಷ್ಯ.
ಕಿವಿ ನೆಟ್ಟಗಿದ್ದವರು ಯಾರೂ ಕೇಳಲಿಲ್ಲ.

ಕಡೆಗೆ ಬೆಂಗಳೂರಿನ ನ್ಯಾಯಮಂಡಳಿ.
ಐದನೇ ವಾಯಿದೆಗೂ ಆರನೇ ವಾಯಿದೆಗೂ ನಡುವೆ
ಹುಳಿಯಾರು ರಸ್ತೆಯಲ್ಲಿ ಹಿಂದಿನಿಂದ ಬಂದ ಹಾರನ್ನಿಗೆ
ಅವರು ತಿರುಗಲಿಲ್ಲ.
"ಅದು ಈ ಕೇಸಿನಲ್ಲಿ ಬರೋದಿಲ್ಲಮ್ಮ" ಅಂದಳು ವಕೀಲೆ,
ನನ್ನ ಮುಖ ನೋಡದೆ, ಫೈಲಿನ ದಾರ ಬಿಗಿಯುತ್ತ.

ಪೀಠದ ಮೇಲೆ ಇಬ್ಬರು: ಒಬ್ಬರು ಜಡ್ಜು,
ಇನ್ನೊಬ್ಬರು ರಿಟೈರಾದ ಜನರಲ್ಲು.
ತೋಪಿನ ಸದ್ದು ಹೇಗಿತ್ತು ಅಂತ ಕೇಳಿಯಾರು,
ಏನು ಹೇಳಲಿ ಅಂತ ಗಾಡಿಯುದ್ದಕ್ಕೂ ಹೆದರಿದ್ದೆ.
ಯಾರೂ ತೋಪಿನ ಮಾತೆತ್ತಲಿಲ್ಲ.
ವಕೀಲೆ ಒಂದೇ ಹಾಳೆ ತೆಗೆದಳು, ಭರ್ತಿಯ ದಿನದ್ದು,
ಎಂಬತ್ತೊಂದನೇ ಇಸವಿ, ಅಂಚಿಗೆ ಗೆದ್ದಲು ಹಿಡಿದದ್ದು:
ಎರಡೂ ಕಿವಿ, ಪಿಸುಮಾತು, ಆರು ಮೀಟರ್, ಕೇಳುತ್ತದೆ.

ಒಳಗೆ ಹೋಗುವಾಗ ನೆಟ್ಟಗಿದ್ದದ್ದು
ಹೊರಗೆ ಬರುವಾಗ ಕೆಟ್ಟಿದ್ದರೆ
ಕೆಡಿಸಿದ್ದು ತಾನಲ್ಲ ಅಂತ ತೋರಿಸಬೇಕಾದ್ದು ಸರ್ಕಾರ,
ಸಿಪಾಯಿಯಲ್ಲ. ಒಂದು ಸಾಲಿನ ಷರಾ ಸಾಲದು, ಕಾರಣ ಬೇಕು.
ಇದು ನನಗೂ ಗೊತ್ತಿದ್ದ ಕಾನೂನೇ.
ಮದುವೆಗೆ ಒಯ್ದ ಬಾಡಿಗೆ ಕೊಳಗ ನೆಗ್ಗಿ ಬಂದರೆ
ಹೇಗೆ ನೆಗ್ಗಿತು ಅಂತ
ಪಾತ್ರೆ ಅಂಗಡಿಯವನು ಹೇಳಬೇಕೇನು?

ಜನರಲ್ಲು ಕನ್ನಡಕ ತೆಗೆದರು. "ಆರು ಮೀಟರ್?"

ಸೀರೆಗೆ ಫಾಲ್ ಹೊಲಿಯುವವಳು ನಾನು.
ಆರು ಮೀಟರ್ ಅಂದರೆ ಒಂದು ಸೀರೆ, ಅದರ ಮೇಲೊಂದು ಮೊಳ.
ಅಷ್ಟು ದೂರ ನಿಂತು ಡಾಕ್ಟರು ಪಿಸುಗುಟ್ಟಿದರಂತೆ,
ಗೋಡೆಗೆ ಮುಖ ಮಾಡಿ ಇವರು ತಿರುಗಿ ಹೇಳಿದರಂತೆ.
ಏನಂದ್ರು ಅಂತ ಮದುವೆಯ ಹೊಸದರಲ್ಲಿ ಕೇಳಿದ್ದೆ.
"ಸತ್ತಾಸಿ ಅಂದ್ರು. ಅದೆಷ್ಟು ಅಂತ ಆಗ ಗೊತ್ತಿರಲಿಲ್ಲ.
ಕೇಳಿಸಿದ್ದನ್ನ ಹಂಗೇ ಒಪ್ಪಿಸಿದೆ, ಕೆಲಸ ಸಿಕ್ತು."

ತೀರ್ಪಾಯಿತು. ಇಪ್ಪತ್ತು ಪರ್ಸೆಂಟನ್ನು ಐವತ್ತೆಂದು ಎಣಿಸಬೇಕು.
ಅರ್ಜಿಗೆ ಮೂರು ವರ್ಷ ಹಿಂದಿನಿಂದ ಅವರು ತೀರಿದ ದಿನದವರೆಗೆ
ಬಾಕಿ ಕೊಡಬೇಕು.
ಅದಕ್ಕೂ ಹಿಂದಿನ ಹದಿನಾಲ್ಕು ವರ್ಷಕ್ಕೆ ಏನೂ ಇಲ್ಲ;
ತಡವಾಗಿ ಕೇಳಿದ್ದು ನಮ್ಮ ತಪ್ಪು.

ನಿನ್ನೆ ಯಾರದೋ ರೇಷ್ಮೆ ಸೀರೆ ಉದ್ದಕ್ಕೆ ಹಾಸಿದೆ,
ಒಲೆಯ ಬುಡದಿಂದ ಹೊಸಿಲ ತನಕ.
ಸೆರಗಿನಾಚೆ ಒಂದು ಮೊಳ ಅಳೆದು ಕೂತೆ,
ಏನಾದರೂ ಪಿಸುಗುಟ್ಟೋಣ ಅಂತ.
ಬರಲಿಲ್ಲ. ಅಭ್ಯಾಸವೇ ಇಲ್ಲ,
ಕೂಗಿಯೇ ಸಂಸಾರ ಮಾಡಿದವಳು.
ಲೋಟದ ನೀರು ನಡುಗಿತು.
"ಗಾಡಿ ಬಂತೂ" ಅಂದೆ,
ಪಕ್ಕದ ಮನೆಯ ಚಂದ್ರಿಕಾ ಕಿಟಕಿ ತೆಗೆದು ನೋಡುವಷ್ಟು ಜೋರಾಗಿ.