ಅಡುಗೆಮನೆಯ ಸಂದರ್ಶನ

ಅಡಿಲೇಡಿನ ಚಳಿಗೆ ಹಿಮ ಗೊತ್ತಿಲ್ಲ.
ಸುಮ್ಮನೆ ಬಾಗಿಲ ಸಂದಿಯಿಂದ ನುಗ್ಗಿ
ಸಾಲ ಕೊಟ್ಟವನ ಹಾಗೆ ಕಾಲ ಬಳಿ ಕೂರುತ್ತದೆ.
ಮೇಜು ಬೀದಿಬದಿಯದು. ಯಾರೋ ಹೊರಗಿಟ್ಟಿದ್ದನ್ನು
ರಾತ್ರಿ ಹತ್ತಕ್ಕೆ, ಕಳ್ಳರ ಹಾಗೆ, ಇಬ್ಬರೂ ಹೊತ್ತು ತಂದೆವು.
ಒಂದು ಕಾಲು ಗಿಡ್ಡ; ಅದರಡಿಗೆ
ನನ್ನ ಅಂಕಪಟ್ಟಿಯ ನಕಲು, ನಾಲ್ಕು ಮಡಿಕೆ.

ವೀಸಾ ಬಂದದ್ದು ಸರ್ವಮಂಗಳೆಯ ಹೆಸರಲ್ಲಿ.
ಜೊತೆಗಾರನೆಂದು ನನಗೆ ಹತ್ತು ಅಂಕ ಕೊಟ್ಟಿದ್ದರು.
ಮದುವೆಯಾಗಿ ಹನ್ನೊಂದು ವರ್ಷಕ್ಕೆ
ನನಗೆ ಯಾರೋ ಬೆಲೆ ಕಟ್ಟಿದ್ದು ಅದೇ ಮೊದಲು.

ನೂರಾ ಮೂವತ್ತೆರಡು ಅರ್ಜಿ.
ಉತ್ತರ ಬಂದರೆ ವಿಷಾದದಿಂದಲೇ ಶುರು.
ಫೋನು ಬಂದರೆ ಒಂದೇ ಮಾತು: ಇಲ್ಲಿನ ಅನುಭವ ಇದೆಯೇ?
ನಾನು ರೀಜೆನ್ಸಿ ಪಾರ್ಕಿನ ಗೋದಾಮಿನಲ್ಲಿ ರಾತ್ರಿ ಪಾಳಿ ಹಿಡಿದೆ.

ಜುಲೈ ಕೊನೆಗೆ ಅವಳಿಗೊಂದು ಕರೆ ಬಂತು, ಶುಕ್ರವಾರಕ್ಕೆ.
ಬುಧವಾರ ಸಂಜೆ ನಾನೇ ಸಂದರ್ಶಕ.
ಮೇಲೆ ಕೋಟು, ಕೆಳಗೆ ಲುಂಗಿ,
ಒಲೆಯ ಮೇಲೆ ಕುಕ್ಕರು.

"ನಿಮ್ಮ ಬಗ್ಗೆ ಸ್ವಲ್ಪ ಹೇಳಿ" ಅಂದೆ,
ಇಂಗ್ಲಿಷಿನಲ್ಲಿ, ಮೂಗಿನಿಂದ.
ನಕ್ಕಳು. ಆಮೇಲೆ ನಗಲಿಲ್ಲ.
ತಾನು ಪರೀಕ್ಷಕಿ ಅಂದಳು,
ಬೇರೆಯವರು ಕಟ್ಟಿದ್ದು ಎಲ್ಲಿ ಬಿರುಕು ಬಿಡುತ್ತದೆಂದು
ಮುಟ್ಟಿ ಮುಟ್ಟಿ ನೋಡುವವಳು;
ಒಂದು ಬ್ಯಾಂಕಿನ ಹೊಸ ವ್ಯವಸ್ಥೆಯನ್ನು
ಬಿಡುಗಡೆಯ ಹಿಂದಿನ ರಾತ್ರಿ ತಡೆದು ನಿಲ್ಲಿಸಿದವಳು,
ಹದಿನೇಳು ಗಂಡಸರ ಕೋಣೆಯಲ್ಲಿ
"ಬೇಡ" ಅಂದವಳು.

ನನಗೆ ಗೊತ್ತಿರಲಿಲ್ಲ.
ಆ ರಾತ್ರಿ ತಡವಾಗಿ ಬಂದಳೆಂದು
ಎರಡು ದಿನ ಮಾತು ಬಿಟ್ಟದ್ದು ಮಾತ್ರ ನೆನಪಿತ್ತು.

ಕಾಗದದ ಮೇಲೆ ಬೆರಳಿಟ್ಟೆ.
"ಇಲ್ಲಿ ಇಪ್ಪತ್ತಾರು ತಿಂಗಳು ಖಾಲಿ ಇದೆಯಲ್ಲ, ಯಾಕೆ?"
ಕೇಳಿದ ಮೇಲೆ ನನಗೇ ಕೇಳಿಸಿತು
ಏನು ಕೇಳಿದೆನೆಂದು.

ಕುಕ್ಕರು ಕೂಗಿತು. ಯಾರೂ ಏಳಲಿಲ್ಲ.

ಆ ಇಪ್ಪತ್ತಾರು ತಿಂಗಳು ನನ್ನ ಅಪ್ಪನವು.
ದಾವಣಗೆರೆ, ಬಾಡಿಗೆ ಮನೆಯ ಮುಂದಿನ ಕೋಣೆ,
ಬಲಗೈ ಸ್ವಾಧೀನವಿಲ್ಲ, ಮಾತು ಅರ್ಧಕ್ಕರ್ಧ ಗಾಳಿ.
ಯಾರಾದರೊಬ್ಬರು ಕೆಲಸ ಬಿಡಬೇಕಿತ್ತು.
ಯಾರು ಅಂತ ನಾವು ಮಾತಾಡಲೇ ಇಲ್ಲ;
ಸಂಜೆ ದೀಪ ಯಾರು ಹಚ್ಚಬೇಕೆಂದು
ಯಾರ ಮನೆಯಲ್ಲಿ ಮಾತಾಡುತ್ತಾರೆ?

"ಕೌಟುಂಬಿಕ ಕಾರಣ" ಅಂದಳು,
ಕಣ್ಣಲ್ಲಿ ಕಣ್ಣಿಟ್ಟು, ಸಂದರ್ಶಕನಿಗೆ.
"ಮುಂದಿನ ಪ್ರಶ್ನೆ?"

ಕೋಟು ಬಿಚ್ಚಿ ಕುರ್ಚಿಗೆ ಹಾಕಿದೆ.
ಬೇಳೆ ತಳ ಹಿಡಿದಿತ್ತು. ಅದನ್ನೇ ಉಂಡೆವು.

ರಾತ್ರಿಯಿಡೀ ಪೆಟ್ಟಿಗೆಗಳಿಗೆ ಚೀಟಿ ಅಂಟಿಸುತ್ತ
ಆ ಖಾಲಿ ಜಾಗವನ್ನು ತುಂಬಿಸಿದೆ, ಮನಸ್ಸಿನಲ್ಲೇ:
ಬಳಕೆದಾರ ಒಬ್ಬರೇ, ಹೊಣೆ ಹಗಲೂ ರಾತ್ರಿಯೂ.
ಮಾತು ಕಳೆದುಕೊಂಡವರ ಮಾತು ಕಲಿತದ್ದು.
ಸಂಬಳ ಇಲ್ಲ, ರಜೆ ಇಲ್ಲ.
ಮೇಲ್ವಿಚಾರಕ: ಏಳು ಗಂಟೆಗೆ ಬಂದು
ಶೂ ಬಿಚ್ಚುತ್ತ, ಹೊಸ್ತಿಲಾಚೆಯಿಂದಲೇ
"ಹೇಗಿದ್ದಾರೆ" ಎಂದು ಕೇಳುವವನು.
ಬೆಳಗಿನ ಜಾವ ಮನೆಗೆ ಬಂದರೆ ಅವಳು ನಿದ್ದೆ.
ಹೇಳಲಿಲ್ಲ. ಆಮೇಲೂ ಹೇಳಿಲ್ಲ.

ಶುಕ್ರವಾರ ಆ ಪ್ರಶ್ನೆ ಬರಲೇ ಇಲ್ಲವಂತೆ.
ಹೆಸರು ಹೇಗೆ ಹೇಳುವುದೆಂದು ಎರಡು ಸಲ ಕೇಳಿದರಂತೆ.
ಸರ್ವ, ಮಂಗಳ, ಎಂದು ಬಿಡಿಸಿ ಹೇಳಿದಳಂತೆ.
ಮೊಟಕು ಮಾಡಿಕೊಡಲಿಲ್ಲ.

ಸೆಪ್ಟೆಂಬರಿನಲ್ಲಿ ಕೆಲಸ, ಆರು ತಿಂಗಳ ಕರಾರು.
ಮೊದಲ ದಿನ ಚರ್ಚಿಲ್ ರಸ್ತೆಯ ನಿಲ್ದಾಣಕ್ಕೆ ಜೊತೆಗೆ ನಡೆದೆ.
ಮರದಿಂದ ಮ್ಯಾಗ್‌ಪೈಯೊಂದು ಬಾಣದ ಹಾಗೆ ಬಂದು
ಅವಳನ್ನು ಬಿಟ್ಟು ನನ್ನ ನೆತ್ತಿಗೇ ಕುಕ್ಕಿತು.
"ಇಲ್ಲಿನ ಅನುಭವ ಬೇಕಂತಿದ್ದರಲ್ಲ,
ಅರ್ಜಿಯಲ್ಲಿ ಬರೆದುಕೋ" ಅಂದಳು,
ಬಸ್ಸು ಹತ್ತುತ್ತ, ಕರವಸ್ತ್ರ ಎಸೆಯುತ್ತ.

ಬರುವ ಮಂಗಳವಾರ ನನಗೊಂದು ಕರೆ ಇದೆ.
ಇವತ್ತು ಸಂಜೆ ಮೇಜಿನ ಆಚೆ ಕೂರುವುದು ಅವಳು.
ಹದಿನಾಲ್ಕು ವರ್ಷ, ನನ್ನ ಕಾಗದದಲ್ಲಿ
ಒಂದು ತಿಂಗಳೂ ಖಾಲಿ ಇಲ್ಲ.
ಅವಳು ಅದನ್ನೇ ಕೇಳಿದರೆ?