ಎಡ ಮೊಣಕಾಲು, ಹೆಣ್ಣು, ಐವತ್ತೆಂಟು

ಹಗಲಾದರೆ ಆಗುವುದಿಲ್ಲ. ಯಂತ್ರಕ್ಕೆ ಕಿವಿ ಹೆಚ್ಚು:
ಅಗಲವಾಗುತ್ತಿರುವ ಹೈವೇಯ ರೋಲರು,
ಮಂಗಳೂರಿಂದ ಬರುವ ಗ್ಯಾಸ್ ಟ್ಯಾಂಕರಿನ ನಿಟ್ಟುಸಿರು,
ಎಲ್ಲ ಬಂದು ಗೆರೆಯೊಳಗೆ ಕೂತುಬಿಡುತ್ತವೆ.
ಹಾಗಾಗಿ ನನ್ನ ಪಾಳಿ ರಾತ್ರಿ ಎರಡರಿಂದ ನಾಲ್ಕು,
ಪೆರಿಯದ ಈ ಪದವಿನ ಮೇಲೆ
ನರಿ ಕೂಡ ಒಮ್ಮೆ ಕೂಗಿ ಸುಮ್ಮನಾಗುವ ಹೊತ್ತು.

ಅಲುಗದ ಮೇಜಿಗೆ ದುಡ್ಡು ಮಂಜೂರಾಗಲಿಲ್ಲ.
ಸುಹ್ರಾ ಉಪ್ಪಳದಿಂದ ಸ್ಕೂಟರಿನ ಮೂರು ಟ್ಯೂಬು ತಂದಳು.
ಅರ್ಧ ಗಾಳಿ, ಅದರ ಮೇಲೆ ಎರಡು ಮುರಕಲ್ಲು,
ಕಲ್ಲಿನ ಮೇಲೆ ಹಲಗೆ, ಹಲಗೆಯ ಮೇಲೆ
ಅರುವತ್ತು ಲಕ್ಷದ ಸೂಕ್ಷ್ಮದರ್ಶಕ.
ಹೆಸರಿಗೆ ದರ್ಶಕ. ನೋಡುವುದಿಲ್ಲ ಇದು, ಒತ್ತುತ್ತದೆ,
ಮೊಗ್ರಾಲಿನ ಮಾರುಕಟ್ಟೆಯಲ್ಲಿ ಬೂತಾಯಿಯ ಬೆನ್ನಿಗೆ ಬೆರಳೂರಿ
ಕುಳಿ ತುಂಬುತ್ತದೋ ಎಂದು
ಕಾಯುವವರ ಹಾಗೆ.

ತುದಿಯಲ್ಲಿ ಕೂದಲಿಗಿಂತ ಎಷ್ಟೋ ತೆಳು ಒಂದು ಪಟ್ಟಿ.
ಏನನ್ನೂ ಮುಟ್ಟದೆ ನೀರಿನಲ್ಲಿ ಇರುವಾಗಲೂ ನಡುಗುತ್ತದೆ,
ಹೆದರಿ ಅಲ್ಲ, ಬೆಚ್ಚಗಿರುವುದೆಲ್ಲ ನಡುಗುತ್ತದೆ.
ಮೊದಲು ಆ ನಡುಕವನ್ನೇ ಅಳೆಯಬೇಕು.
ಎಷ್ಟು ಬಿಗಿ ಎಂಬುದನ್ನು
ಅದು ಬೇರೆ ಯಾವ ರೀತಿಯಲ್ಲೂ ಹೇಳುವುದಿಲ್ಲ.

ಇವತ್ತಿನ ತಟ್ಟೆಯಲ್ಲಿ ಉಗುರಿನಗಲದ ಚೂರು,
ಆಸ್ಪತ್ರೆಯಲ್ಲಿ ಕೀಲು ಬದಲಿಸಿದ ದಿನ
ಬಕೆಟ್ಟಿಗೆ ಹೋಗಬೇಕಿದ್ದದ್ದು.
ಚೀಟಿಯಲ್ಲಿ ಹೆಸರಿಲ್ಲ. ಇರಬಾರದು.
ಎಡ ಮೊಣಕಾಲು, ಹೆಣ್ಣು, ಐವತ್ತೆಂಟು.
ಕೆಲಸ: ಕಲ್ಲು ಹೊರುವುದು.
ಕೊನೆಯ ಅಕ್ಷರದ ನೀಲಿ ಉಪ್ಪುನೀರಿಗೆ ಹರಡಿದೆ.

ಒಂದು ಒತ್ತು. ಗೆರೆ ಮಟ್ಟಸವಾಗಿ ಬಂದು, ತಾಗಿ,
ಏರಿ, ಹಿಂದಿರುಗುವಾಗ ಒಮ್ಮೆ ಕೆಳಗೆ ಜಗ್ಗುತ್ತದೆ,
ಹಲಸಿನ ಮೇಣ ಬೆರಳನ್ನು ಬಿಡುವ ಹಾಗೆ
ಬಿಟ್ಟೂ ಬಿಡದೆ.
ನೂರ ಎಂಬತ್ತು ಕಿಲೋಪಾಸ್ಕಲ್.
ಅರ್ಧ ಕೂದಲಿನಷ್ಟು ಆಚೆ: ಇಪ್ಪತ್ತೊಂದು.
ಮತ್ತೆ ಇಪ್ಪತ್ತೊಂದು. ಹತ್ತೊಂಬತ್ತು.
ಸವೆಯುವ ಮೊದಲು ಮೆತ್ತಗಾಗುತ್ತದೆ,
ಎಕ್ಸ್‌ರೇಗೆ ಕಾಣುವ ಮೊದಲು,
ಮೆಟ್ಟಿಲ ಮೇಲೆ ಅವಳು ಮೊದಲ ಸಲ ಗೋಡೆ ಹಿಡಿದುಕೊಳ್ಳುವುದಕ್ಕೂ ಎಷ್ಟೋ ಮೊದಲು.

ಬಾಗಿಲಲ್ಲಿ ಚೋಯಿಅಂಬು, ರಾತ್ರಿ ಕಾವಲಿನವ,
ಫ್ಲಾಸ್ಕಿನಲ್ಲಿ ಕಟ್ಟಂಚಾಯ.
"ಎಂತ ಟೀಚರೇ, ಇವತ್ತೂ ಮೀನಾ?"
ಮೊಣಕಾಲು ಎಂದೆ. ಯಾರದ್ದೆಂದು ಕೇಳಲಿಲ್ಲ.
ಟ್ಯೂಬಿನ ಮೇಲಿನ ಕಲ್ಲನ್ನು ಗೆಣ್ಣಿನಿಂದ ಕುಟ್ಟಲು ಹೋದ,
ತಡೆದೆ. ದೂರದಿಂದಲೇ ಹೇಳಿದ:
"ಚೀಮೇನಿ ಕೋರೆಯದ್ದು. ಇಪ್ಪತ್ತು ವರ್ಷ ಕಡಿದಿದ್ದೇನೆ.
ನೆಲದೊಳಗೆ ಇರುವಾಗ ಬೆಲ್ಲ, ಪಿಕ್ಕಾಸಿಗೆ ನೋವೇ ಇಲ್ಲ.
ಗಾಳಿ ಬಿಸಿಲು ತಾಗಬೇಕು, ಆಮೇಲೆ ಗಟ್ಟಿ.
ಆದರೆ ಹೊರುವುದು ಹಸಿಯಲ್ಲೇ ಅಲ್ವಾ,
ಆಗಲೇ ಭಾರ ಜಾಸ್ತಿ.
ನೀರು ಇಳಿಯುತ್ತಾ ಇರುತ್ತದೆ ಹೆಂಗಸರ ಕುತ್ತಿಗೆಗೆ,
ಲಾರಿಗೆ ಹಲಗೆ ಹತ್ತುವಾಗ..."
ಅಷ್ಟಕ್ಕೆ ನಿಲ್ಲಿಸಿದ.

ತಟ್ಟೆಗೆ ಇನ್ನೊಂದು ಹನಿ ಉಪ್ಪುನೀರು ಬಿಟ್ಟೆ.
ಒಣಗಿದರೆ ಇದೂ ಗಟ್ಟಿ ಎಂದು ಸುಳ್ಳು ಹೇಳುತ್ತದೆ.

ಅವನು ವರಾಂಡದುದ್ದ ಹೋದ.
ತೆರೆಯ ಮೇಲೆ ಗೆರೆ ಕುಲುಕಿತು:
ಭಾರ, ಹಗುರ. ಭಾರ, ಹಗುರ.
ಬಲಗಾಲು ಪೂರ್ತಿ ಇಳಿಯುತ್ತದೆ, ಎಡಗಾಲು
ಸಾಲ ತೀರಿಸುವವರ ಹಾಗೆ ಚೂರು ಚೂರೇ.
ಐದು ಒತ್ತುಗಳು, ಐದರಲ್ಲೂ ಅವನ ನಡಿಗೆ
ಅವಳ ಮೊಣಕಾಲಿನ ಮೇಲೆ.
ಕಟ್ಟಂಚಾಯ ಆರಿತು.

ಬೆಳಿಗ್ಗೆ ಸುಹ್ರಾ ಫೈಲು ನೋಡಿ,
"ಇದು ಗದ್ದಲ, ತೆಗೆದುಬಿಡು" ಎಂದಳು. ಸರಿಯೇ. ತೆಗೆದೆ.
ಇನ್ನೂರ ಐವತ್ತಾರರಲ್ಲಿ ಐದನ್ನು ಕೈಬಿಡಲಾಗಿದೆ
ಎಂದು ಕೋಷ್ಟಕದ ಅಡಿಯಲ್ಲಿ ಸಣ್ಣಕ್ಷರದಲ್ಲಿ ಹಾಕಿದೆ.
ಕಾರಣ ಎಂಬಲ್ಲಿ
ಏನೋ ಟೈಪು ಮಾಡಿ, ಅಳಿಸಿ,
ಕೊನೆಗೆ ಹೆಜ್ಜೆ ಎಂದು ಬರೆದು ಉಳಿಸಿದೆ.