ಒಂದು ವೋಲ್ಟಿಗೆ ಒಂದು ಸ್ಥಾಯಿ

ಶಿಡ್ಲಘಟ್ಟದಲ್ಲಿ ನನ್ನ ಹೆಸರು ಹಿಡಿದು ಕೇಳಿದರೆ ಮನೆ ಸಿಗದು.
ವೈಂಡಿಂಗ್ ಪಿಳ್ಳಪ್ಪನ ಮಗಳು ಎಂದರೆ
ಗೂಡಿನ ಮಾರ್ಕೆಟ್ಟಿನ ಆಟೋದವರೂ ದಾರಿ ತೋರಿಸುತ್ತಾರೆ.

ಅಪ್ಪ ಸುಟ್ಟ ಮೋಟರುಗಳಿಗೆ ತಾಮ್ರ ಸುತ್ತುತ್ತಿದ್ದ.
ಅದೇ ಮೇಜು, ಅದೇ ವಾರ್ನಿಷ್ ವಾಸನೆ,
ಸುತ್ತು ಎಣಿಸುವ ಅದೇ ಮೀಟರು.
ಸಾವಿರ ದಾಟಿದ ಮೇಲೆ ಒಂದಂಕಿ ಹಾರಿಸುತ್ತದೆ,
ನನಗೆ ಗೊತ್ತು, ಕೂಡಿಸಿಕೊಳ್ಳುತ್ತೇನೆ.
ನನ್ನ ಪೆಟ್ಟಿಗೆಗೆ ಪ್ಲಸ್ಸು ಹನ್ನೆರಡು, ಮೈನಸ್ಸು ಹನ್ನೆರಡು ಕೊಡುವ
ಟ್ರಾನ್ಸ್‌ಫಾರ್ಮರು
ಕಣ್ಣು ಮಂಜಾಗುವ ಮೊದಲು ಅವನು ಸುತ್ತಿದ ಕೊನೆಯದು.
ಏತಕ್ಕೆ ಎಂದು ಕೇಳಲಿಲ್ಲ.
'ಬಿಸಿ ಆಗ್ಬಾರ್ದು, ಅಷ್ಟೇ' ಅಂದ.

ಪೆಟ್ಟಿಗೆ ಎಂದರೆ
ಎಣ್ಣೆ ಡಬ್ಬ ಕತ್ತರಿಸಿ ತಟ್ಟಿದ ತಗಡಿನ ಮುಖ,
ಎಂಟು ತಿರುಗಣೆ, ಹನ್ನೊಂದು ತೂತು.
ಹನ್ನೊಂದನೆಯದು ಡ್ರಿಲ್ಲು ಜಾರಿ ಆದದ್ದು,
ಬಹಳ ದಿನ ಖಾಲಿ ಇತ್ತು.

ಒಳಗೆ ಒಂದು ಅಲೆ,
ಗರಗಸದ ಹಲ್ಲಿನ ಹಾಗೆ ಏರಿ ದಬಕ್ಕನೆ ಬೀಳುವುದು.
ಪಕ್ಕದ ಪೆಟ್ಟಿಗೆ ಅದರ ಚೂಪು ಸವೆಸುತ್ತದೆ.
ಮೊದಲ ಸಲ ಕೆಪಾಸಿಟರನ್ನು ಹಿಂದುಮುಂದಾಗಿ ಕೂರಿಸಿ
ಅದು ಪಟ್ಟೆಂದು ಸಿಡಿದು, ಒಳಗಿನ ಚೂರು ಹುಬ್ಬಿನ ಮೇಲೆ ಕೂತಿತು.
ಎರಡನೇ ಸಲ ಸ್ವರದ ಬದಲು
ಯಾವುದೋ ತೆಲುಗು ಸ್ಟೇಷನ್ನಿನ ಕೃಷಿ ಸಲಹೆ ಬಂತು.

ಒಂದು ವೋಲ್ಟು ಏರಿಸಿದರೆ ಒಂದು ಸ್ಥಾಯಿ ಏರಬೇಕು.
ಲೆಕ್ಕ ಇಷ್ಟೇ.
ಅದಕ್ಕೆಂದೇ ನೂರು ಟ್ರಾನ್ಸಿಸ್ಟರಲ್ಲಿ
ಗುಣ ಕೂಡಿದ ಎರಡನ್ನು ಆರಿಸಿ
ಮುಖಕ್ಕೆ ಮುಖ ಅಂಟಿಸಿ, ತಾಮ್ರದ ಪಟ್ಟಿ ಸುತ್ತಿ
ಒಂದೇ ಕಂಬಳಿಯಲ್ಲಿ ಮಲಗಿಸಿದೆ,
ಒಂದಕ್ಕೆ ಜ್ವರ ಬಂದರೆ ಇನ್ನೊಂದಕ್ಕೂ ಬರಲಿ ಅಂತ.

ಆದರೂ ಜಾರುತ್ತಿತ್ತು.
ಬೆಳಗ್ಗೆ ಐದಕ್ಕೆ ಶ್ರುತಿ ಕೂಡಿಸಿ ಟೀ ಕುಡಿದು ಬರುವಷ್ಟರಲ್ಲಿ
ಮೇಲಿನ ಷಡ್ಜ ನಿಷಾದದ ಕಡೆ ವಾಲಿರುತ್ತಿತ್ತು,
ಬಸ್ಸಿನಲ್ಲಿ ತೂಕಡಿಸುವವನ ತಲೆ
ಪಕ್ಕದವನ ಹೆಗಲಿಗೆ ವಾಲಿದ ಹಾಗೆ.

ಗೋಡೆಯಾಚೆ ರಹಮತ್‌ಬೀ ಫಿಲೇಚರು.
ಗೋಡೆ ಒಂದೇ ಇಟ್ಟಿಗೆ ದಪ್ಪ.
ಆಕೆ ಒಲೆ ಹಚ್ಚಿದರೆ ನನ್ನ ಮೇಜು ಬೆವರುತ್ತದೆ,
ಬೇಯುವ ಗೂಡಿನ ವಾಸನೆಗೆ
ಸೋಲ್ಡರ್ ಹೊಗೆಯೂ ಸೋಲುತ್ತದೆ.

ಮದ್ದು ಉಂಟು.
ಕಾವು ಏರಿದಂತೆ ತಾನೂ ಏರಿ
ತಪ್ಪನ್ನು ತಪ್ಪಿನಿಂದಲೇ ತಿದ್ದುವ ರೆಸಿಸ್ಟರು,
ಅಕ್ಕಿಕಾಳಿನಷ್ಟು, ಐದು ಕಿಲೋ ಅಕ್ಕಿಯ ದುಡ್ಡು.
ತರಿಸಿದೆ. ಕೂರಿಸಿದೆ.
ಷಡ್ಜ ಷಡ್ಜವಾಗಿಯೇ ನಿಂತಿತು, ಮಧ್ಯಾಹ್ನದ ತನಕ.
ಒಬ್ಬಳೇ ಚಪ್ಪಾಳೆ ತಟ್ಟಿಕೊಂಡೆ.

ಮೂರನೇ ದಿನ ರಹಮತ್‌ಬೀ ಬಾಗಿಲಲ್ಲಿ ನಿಂತಳು,
ಒದ್ದೆ ಕೈ, ಬಿಳಿಚಿ ಸುಕ್ಕಾದ ಬೆರಳ ತುದಿ.
'ಏನಮ್ಮಾ, ನಿನ್ ಡಬ್ಬ ಕೆಟ್ಟೋಯ್ತಾ?'
ಇಲ್ಲ, ಈಗ ಸರಿಹೋಯ್ತು, ಅಂದೆ.
'ಮತ್ತೆ ಯಾಕೆ ಇಳೀತಾ ಇಲ್ಲ?
ಅದು ಜಗ್ಗಿದ್ರೇನೇ ನನ್ ನೀರು ಹದಕ್ಕೆ ಬಂದಿರೋದು.
ಎರಡು ದಿನದಿಂದ ಗೂಡೆಲ್ಲ ಬೆಂದು ಪಾಯಸ,
ಎಳೆ ಕಿತ್ತು ಕಿತ್ತು ಬರ್ತಿದೆ.'

ಇಪ್ಪತ್ತೈದು ವರ್ಷ ಬೆರಳಲ್ಲೇ ನೀರು ನೋಡಿದವಳು.
ಬೆರಳಿಗೆ ಈಗ ಬಿಸಿ ತಿಳಿಯುವುದಿಲ್ಲವಂತೆ.
ಯಾರಿಗೂ ಹೇಳಬೇಡ ಅಂದಳು.
ಹೇಳಿಲ್ಲ, ಬರೆದಿದ್ದೇನೆ.

ಆ ರಾತ್ರಿ ಹನ್ನೊಂದನೆಯ ತೂತಿಗೆ ಒಂದು ಸ್ವಿಚ್ಚು.
ಮೇಲೆತ್ತಿದರೆ ದುಬಾರಿಯದು, ಕಾವಲು ಕಾಯುವುದು.
ಕೆಳಗಿಳಿಸಿದರೆ ಐವತ್ತು ಪೈಸೆಯದು,
ಕಾವು ಕರೆದತ್ತ ಹೋಗುವುದು.
ಮಾರ್ಕರಿನಲ್ಲಿ ಒಂದು ಕಡೆ 'ಸ' ಎಂದು ಬರೆದೆ,
ಇನ್ನೊಂದು ಕಡೆ 'ನೀರು'.

ಈಗ ಐದರಿಂದ ಏಳರ ತನಕ ಅದು ನೀರಿನದು.
ಸ್ಪೀಕರು ಗೋಡೆಗೆ ತಿರುಗಿಸಿ, ಒಂದೇ ಸ್ವರ.
ಮೆಲ್ಲಗೆ ಕುಸಿಯುತ್ತದೆ,
ಆಚೆ ಚರಕ ಕಿರ್ರೆಂದು ಶುರುವಾಗುತ್ತದೆ,
ಸಕ್ಕರೆ ಕಲಕುವ ಚಮಚ ನಿಲ್ಲಿಸಿ ಕೇಳುತ್ತೇನೆ.

ನಿನ್ನೆ ಚರಕ, ಸ್ವರ ಇಳಿಯುವ ಮೊದಲೇ ಶುರುವಾಯಿತು.
ಅವಳ ಕಿವಿಯೋ, ನನ್ನ ಟ್ರಿಮ್ಮರೋ.
ನಾಳೆ ಬಿಚ್ಚಿ ನೋಡಬೇಕು.